ಎರಡನೇ ಮಹಡಿಯ ಲೆಕ್ಕ: ಕಲಬುರಗಿಯ ಕಚೇರಿ ಬಾಡಿಗೆ ಯಾರ ಮಾತು ಕೇಳುತ್ತದೆ?

2013ರ ಆಗಸ್ಟ್ ತಿಂಗಳಲ್ಲಿ ಕಲಬುರಗಿಯಲ್ಲಿ ಎರಡು ಘಟನೆ ನಡೆದವು. ಊರಿಗೆ ಆಗಿನ್ನೂ ಗುಲ್ಬರ್ಗಾ ಎಂದೇ ಹೆಸರು. ಇಲ್ಲಿ ಪ್ರಧಾನ ಕಚೇರಿ ಇಟ್ಟುಕೊಂಡಿದ್ದ ಕೃಷ್ಣಾ ಗ್ರಾಮೀಣ ಬ್ಯಾಂಕು ಬಳ್ಳಾರಿಯ ಪ್ರಗತಿ ಗ್ರಾಮೀಣ ಬ್ಯಾಂಕಿನ ಜೊತೆ ವಿಲೀನವಾಯಿತು, ಹೊಸ ಬ್ಯಾಂಕಿನ ಪ್ರಧಾನ ಕಚೇರಿ ಬಳ್ಳಾರಿಯಲ್ಲಿ ನಿಂತಿತು. ಅದೇ ತಿಂಗಳ ಕೊನೆಗೆ, 2008ರಿಂದ ಸಂಚಾರಿ ಪೀಠವಾಗಿದ್ದ ಹೈಕೋರ್ಟ್ ಪೀಠ ಕಾಯಂ ಆಯಿತು. ಒಂದು ಬ್ಯಾಂಕಿಂಗ್ ಸುದ್ದಿ, ಇನ್ನೊಂದು ನ್ಯಾಯಾಂಗದ ಸುದ್ದಿ. ಬಾಡಿಗೆಗೆ ಕಟ್ಟಡ ಕಟ್ಟಿಸಿದವರಿಗೆ ಮಾತ್ರ ಎರಡೂ ಒಂದೇ ಜಾತಿಯವು: ಒಂದು ಊರಿನಿಂದ ಮೇಜು-ಕುರ್ಚಿಗಳನ್ನು ಹೊರಗೆ ಸಾಗಿಸಿತು, ಇನ್ನೊಂದು ಒಳಗೆ ತಂದಿತು.

ಆರ್ಥಿಕ ಘಟನೆ ಎಂದಾಗ ಷೇರುಪೇಟೆ ಕುಸಿತ, ಡಾಲರ್, ಅಮೆರಿಕದ ಬಡ್ಡಿ ನೆನಪಾಗುತ್ತವೆ. ಬೆಂಗಳೂರಿನ ಹೊರವರ್ತುಲ ರಸ್ತೆಯ ಕಟ್ಟಡಗಳಿಗೆ ಅದು ಸರಿಯೇ. ಕಲಬುರಗಿಯ ಸ್ಟೇಷನ್ ರಸ್ತೆಯಲ್ಲೋ ಸೇಡಂ ರಸ್ತೆಯಲ್ಲೋ ಎರಡನೇ ಮಹಡಿ ಖಾಲಿ ಬಿದ್ದಿದ್ದರೆ ಅದರ ಕಾರಣ ನ್ಯೂಯಾರ್ಕಿನಲ್ಲಿ ಸಿಗುವುದು ಕಡಿಮೆ. ವಿಧಾನಸೌಧದ ಒಂದು ಆದೇಶದಲ್ಲೋ, ಮುಂಬೈಯ ಒಂದು ಬ್ಯಾಂಕ್ ಆಡಳಿತ ಮಂಡಳಿಯ ಸಭೆಯಲ್ಲೋ ಸಿಗುತ್ತದೆ. ಆದರೆ ಒಳಗಿನ ಯಂತ್ರ ಎರಡೂ ಕಡೆ ಒಂದೇ. ಅದನ್ನು ಬಿಚ್ಚಿ ನೋಡಿದರೆ ನಮ್ಮೂರಿನದೂ ತಿಳಿಯುತ್ತದೆ, ದೊಡ್ಡ ಊರಿನದೂ ತಿಳಿಯುತ್ತದೆ.

ಕುರ್ಚಿ ಎಷ್ಟೋ ಬಾಡಿಗೆ ಅಷ್ಟು

ಕೆಲಸ ಹೋದರೂ ಮನುಷ್ಯನಿಗೆ ಮಲಗಲು ಜಾಗ ಬೇಕು. ದೊಡ್ಡ ಮನೆ ಬಿಟ್ಟವರು ಸಣ್ಣ ಮನೆ ಹುಡುಕುತ್ತಾರೆ, ಅಷ್ಟೇ. ಕಚೇರಿಗೆ ಇಂಥ ಅನಿವಾರ್ಯವಿಲ್ಲ. ಅದು ಬೇಕಾಗುವುದು ಅಲ್ಲಿ ಕೂತು ದುಡಿಯುವವರು ಇದ್ದಾಗ ಮಾತ್ರ. ಹೀಗಾಗಿ ಉದ್ಯೋಗದಲ್ಲಿ ಆಗುವ ಸಣ್ಣ ಏರುಪೇರೂ ಕಚೇರಿ ಬಾಡಿಗೆಯಲ್ಲಿ ದೊಡ್ಡದಾಗಿ ಕಾಣುತ್ತದೆ. ದೊಡ್ಡ ಊರಿನ ಐಟಿ ಕಚೇರಿಗಳಲ್ಲಿ ತಲೆಗೆ 80ರಿಂದ 100 ಚದರ ಅಡಿ ಎಂದು ಲೆಕ್ಕ ಹಾಕುತ್ತಾರೆ. ಮುಂದಿನ ವರ್ಷ ಸಾವಿರ ಜನರನ್ನು ತೆಗೆದುಕೊಳ್ಳಬೇಕಿದ್ದ ಕಂಪನಿ ಬೇಡವೆಂದು ಸುಮ್ಮನಾದರೆ ಸುಮಾರು ಒಂದು ಲಕ್ಷ ಚದರ ಅಡಿಯ ಬೇಡಿಕೆ ಅಲ್ಲೇ ಕರಗಿತು. ಒಬ್ಬರನ್ನೂ ಮನೆಗೆ ಕಳಿಸಬೇಕಿಲ್ಲ, ನೇಮಕಾತಿ ನಿಂತರೆ ಸಾಕು.

2008ರ ಸೆಪ್ಟೆಂಬರ್ 15ರಂದು ಲೇಮನ್ ಬ್ರದರ್ಸ್ ದಿವಾಳಿ ಅರ್ಜಿ ಹಾಕಿತು. ಬೆಂಗಳೂರಿನ ಐಟಿ ಕಂಪನಿಗಳಿಗೆ ಅಮೆರಿಕದ ಬ್ಯಾಂಕು, ವಿಮಾ ಕಂಪನಿಗಳೇ ದೊಡ್ಡ ಗಿರಾಕಿಗಳು. ಅವರು ಖರ್ಚು ಹಿಡಿದರು, ಇವರು ನೇಮಕಾತಿ ಹಿಡಿದರು, ಹೊಸ ಕಟ್ಟಡಗಳ ಕರಾರು ಮುಂದಕ್ಕೆ ಹೋದವು, 2009ರಲ್ಲಿ ಬಾಡಿಗೆ ಇಳಿಯಿತು. ಸರಪಳಿ ನೇರವಾಗಿದೆ. ಇಷ್ಟನ್ನೇ ಪಾಠ ಎಂದು ಹಿಡಿದುಕೊಂಡವರು ಕೋವಿಡ್ ನಂತರ ಎಡವಿದರು. ಸಾನ್ ಫ್ರಾನ್ಸಿಸ್ಕೋದಲ್ಲಿ ಜನ ಮನೆಯಿಂದಲೇ ಕೆಲಸಕ್ಕೆ ಕೂತರು. 2023ರ ಹೊತ್ತಿಗೆ ಆ ನಗರದ ಕಚೇರಿ ಜಾಗದಲ್ಲಿ ಶೇ 30ಕ್ಕಿಂತ ಹೆಚ್ಚು ಖಾಲಿ. ಅಮೆರಿಕಕ್ಕೆ ಹೊಡೆತ ಬಿದ್ದರೆ ಬೆಂಗಳೂರಿಗೂ ಬೀಳಬೇಕಿತ್ತಲ್ಲ? ಬೀಳಲಿಲ್ಲ. ಖರ್ಚು ಉಳಿಸಲು ಹೊರಟ ಅದೇ ಕಂಪನಿಗಳು ಭಾರತದಲ್ಲಿ ತಮ್ಮದೇ ಕೇಂದ್ರಗಳನ್ನು ತೆರೆದವು. ಜಿಸಿಸಿ (ಗ್ಲೋಬಲ್ ಕೇಪಬಿಲಿಟಿ ಸೆಂಟರ್) ಎನ್ನುತ್ತಾರಲ್ಲ, ಅವೇ. 2024ರ ಹೊತ್ತಿಗೆ ದೇಶದಲ್ಲಿ ಅವುಗಳ ಸಂಖ್ಯೆ 1,700 ದಾಟಿತ್ತು, ಅತಿ ಹೆಚ್ಚು ಇರುವುದು ಬೆಂಗಳೂರಿನಲ್ಲಿ. ಅದೇ ವರ್ಷ ದೇಶದ ದೊಡ್ಡ ನಗರಗಳಲ್ಲಿ ಕಚೇರಿ ಗುತ್ತಿಗೆ ದಾಖಲೆ ಮಟ್ಟ ಮುಟ್ಟಿತು.

ಅಂದರೆ ಒಂದು ಘಟನೆ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿ ಪ್ರಯೋಜನವಿಲ್ಲ. ಅದರಿಂದ ಕೆಲಸ ಯಾವ ಊರಿನಿಂದ ಯಾವ ಊರಿಗೆ ಸರಿಯಿತು ಎಂದು ಕೇಳಬೇಕು. ಕಲಬುರಗಿಯ ಪಾಲಿಗೆ ಈ ಎರಡೂ ಸಲ ಉತ್ತರ ಒಂದೇ ಆಗಿತ್ತು: ಇಲ್ಲಿಂದ ಎದ್ದು ಹೋದ ಹುಡುಗರು ಬೆಂಗಳೂರು, ಹೈದರಾಬಾದ್, ಪುಣೆಯ ಕಟ್ಟಡಗಳಲ್ಲಿ ಕೂತರು. ಬಾಡಿಗೆಯೂ ಅಲ್ಲಿನ ಮಾಲೀಕರಿಗೇ ಹೋಯಿತು.

ಬಾಡಿಗೆ ಅಲುಗದೆಯೂ ಬೆಲೆ ಬೀಳುತ್ತದೆ

ಇದು ಬಹಳ ಜನರಿಗೆ ಒಗ್ಗದ ಮಾತು, ಆದ್ದರಿಂದ ಅಂಕಿ ಹಾಕಿಯೇ ನೋಡೋಣ. ಒಂದು ಕಾಂಪ್ಲೆಕ್ಸಿನಿಂದ ತೆರಿಗೆ, ದುರಸ್ತಿ, ಲಿಫ್ಟ್, ಖಾಲಿ ಬೀಳುವ ತಿಂಗಳು ಎಲ್ಲ ಕಳೆದು ವರ್ಷಕ್ಕೆ 6 ಲಕ್ಷ ಕೈಗೆ ಬರುತ್ತದೆ ಅಂದುಕೊಳ್ಳಿ. ಹಾಕಿದ ಹಣಕ್ಕೆ ಶೇ 8 ಬಂದರೆ ಸಾಕು ಎನ್ನುವವರು ಅದಕ್ಕೆ 75 ಲಕ್ಷ ಕೊಡುತ್ತಾರೆ. ಶೇ 10 ಬೇಕು ಎನ್ನುವವರು 60 ಲಕ್ಷಕ್ಕೆ ನಿಲ್ಲುತ್ತಾರೆ. ಬಾಡಿಗೆದಾರರು ಅವರೇ, ಬಾಡಿಗೆಯೂ ಅಷ್ಟೇ, ಆದರೆ ಕಟ್ಟಡದ ಬೆಲೆಯಲ್ಲಿ 15 ಲಕ್ಷ ಹೋಯಿತು.

ಕೊಳ್ಳುವವರು 8 ಬಿಟ್ಟು 10 ಏಕೆ ಕೇಳುತ್ತಾರೆ? ಬ್ಯಾಂಕಿನಲ್ಲಿ ಸುಮ್ಮನೆ ಇಟ್ಟರೂ ಹೆಚ್ಚು ಬರುತ್ತಿದೆ ಎಂಬ ಕಾರಣಕ್ಕೆ. ಕೋವಿಡ್ ಕಾಲದಲ್ಲಿ ರಿಸರ್ವ್ ಬ್ಯಾಂಕ್ ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿಯನ್ನು, ಶೇ 4ಕ್ಕೆ ಇಳಿಸಿತ್ತು. 2022ರ ಮೇಯಿಂದ ಏರಿಸುತ್ತಾ 2023ರ ಫೆಬ್ರುವರಿಗೆ ಶೇ 6.5ಕ್ಕೆ ತಂದಿತು, 2025ರಲ್ಲಿ ಮತ್ತೆ ಇಳಿಸತೊಡಗಿ ಜೂನ್‌ನಲ್ಲಿ ಶೇ 5.5 ಮಾಡಿತು. ದೊಡ್ಡ ಬಿಲ್ಡರುಗಳಿಗೆ ಇದು ಸಾಲದ ಕಂತಿನ ಪ್ರಶ್ನೆ. ಬರಲಿರುವ ಬಾಡಿಗೆಯನ್ನೇ ಅಡ ಇಟ್ಟು ಅವರು ಸಾಲ ಎತ್ತಿರುತ್ತಾರೆ.

ನಮ್ಮ ಕಡೆ ಕಥೆ ಬೇರೆ. ಇಲ್ಲಿನ ಕಾಂಪ್ಲೆಕ್ಸ್ ಬಹುಪಾಲು ಸ್ವಂತ ದುಡ್ಡಿನಿಂದ ಎದ್ದದ್ದು: ಗಂಜ್‌ನ ವ್ಯಾಪಾರದ ಹಣ, ಗುತ್ತಿಗೆ ಕೆಲಸದ ಹಣ, ನಿವೃತ್ತಿಯ ಹಣ, ಹೊಲ ಮಾರಿದ ಹಣ. ಇವರಿಗೆ ರೆಪೊ ದರ ಗೊತ್ತಿಲ್ಲದಿದ್ದರೂ ಎಫ್‌ಡಿ ಬಡ್ಡಿ ಬಾಯಿಪಾಠ. 2021ರಲ್ಲಿ ದೊಡ್ಡ ಬ್ಯಾಂಕುಗಳ ಎಫ್‌ಡಿ ಶೇ 5ರ ಆಸುಪಾಸಿನಲ್ಲಿದ್ದಾಗ “ಬ್ಯಾಂಕಿನ್ಯಾಗ ಇಟ್ರ ಏನ್ ಬರ್ತದ, ಎರಡು ಮಹಡಿ ಏರಿಸೋಣು” ಎಂಬ ಮಾತು ಮನೆಮನೆಯಲ್ಲಿತ್ತು. 2023ರಲ್ಲಿ ಅದೇ ಬಡ್ಡಿ ಶೇ 7 ದಾಟಿದಾಗ ಮೇಲಿನ ಮಹಡಿಯ ಕಂಬಿಗಳು ಹಾಗೇ ಆಕಾಶ ನೋಡುತ್ತಾ ನಿಂತವು. ರಿಸರ್ವ್ ಬ್ಯಾಂಕಿನ ನಿರ್ಧಾರ ನಮ್ಮ ರಿಂಗ್ ರಸ್ತೆಗೆ ಬರುವುದು ಈ ದಾರಿಯಲ್ಲಿ.

ತೊಗರಿ ಬೆಳೆದವರಿಗೆ ಗೊತ್ತಿರುವ ಗಣಿತ

2015ರಲ್ಲಿ ತೊಗರಿಬೇಳೆ ಚಿಲ್ಲರೆ ಅಂಗಡಿಯಲ್ಲಿ ಕಿಲೋಗೆ 200 ರೂಪಾಯಿ ಮುಟ್ಟಿತ್ತು. ಮುಂದಿನ ಮುಂಗಾರಿನಲ್ಲಿ ಎಲ್ಲರೂ ತೊಗರಿಯನ್ನೇ ಬಿತ್ತಿದರು, ಮಳೆಯೂ ಚೆನ್ನಾಗಿ ಬಂತು. ರಾಶಿ ಮಾಡುವ ಹೊತ್ತಿಗೆ ಮಾರುಕಟ್ಟೆ ದರ ಕ್ವಿಂಟಲ್‌ಗೆ 5,050 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗೆ ಹೋಗಿ ಖರೀದಿ ಕೇಂದ್ರಗಳ ಮುಂದೆ ಸಾಲು ನಿಂತಿತು. ಬಿತ್ತುವಾಗಿನ ಬೆಲೆ ನೋಡಿ ನಿರ್ಧಾರ, ಕೊಯ್ಯುವಾಗಿನ ಬೆಲೆಗೆ ಮಾರಾಟ. ನಡುವೆ ಆರೇಳು ತಿಂಗಳು.

ಕಚೇರಿ ಕಟ್ಟಡದಲ್ಲಿ ಆ ನಡುವಿನ ಅವಧಿ ಮೂರರಿಂದ ಐದು ವರ್ಷ. ಜಾಗ, ನಕ್ಷೆ, ಪರವಾನಗಿ, ಪಾಯ, ಸ್ಲ್ಯಾಬ್, ಲಿಫ್ಟ್, ಅಗ್ನಿಶಾಮಕದವರ ಒಪ್ಪಿಗೆ. ಬಾಡಿಗೆ ಏರುತ್ತಿದೆ ಎಂದು ಹತ್ತು ಜನ ಒಟ್ಟಿಗೆ ಪಾಯ ತೋಡಿದರೆ ಹತ್ತೂ ಕಟ್ಟಡ ಒಟ್ಟಿಗೆ ಮುಗಿಯುತ್ತವೆ. ಅಷ್ಟರಲ್ಲಿ ಗಿರಾಕಿ ಇರಬಹುದು, ಇಲ್ಲದಿರಬಹುದು. ತೊಗರಿ ಬೇಡವೆಂದರೆ ಮುಂದಿನ ವರ್ಷ ಹೆಸರು ಬಿತ್ತಬಹುದು. ಕಟ್ಟಡವನ್ನು ಕಿತ್ತು ಬೇರೆ ಬೆಳೆ ಹಾಕುವಂತಿಲ್ಲ. ಇದರ ದೊಡ್ಡ ಉದಾಹರಣೆ ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಬಿಲ್ಡಿಂಗ್. ಯೋಜನೆ 1929ರ ಉಬ್ಬರದ ಕಾಲದ್ದು, ಅಕ್ಟೋಬರ್‌ನಲ್ಲಿ ಷೇರುಪೇಟೆ ಕುಸಿಯಿತು, ಕಟ್ಟಡ ಬಾಗಿಲು ತೆರೆದದ್ದು 1931ರ ಮೇ 1ರಂದು. ಮಹಾಕುಸಿತದ ಆ ವರ್ಷಗಳಲ್ಲಿ ಬಾಡಿಗೆದಾರರೇ ಸಿಗದೆ ಅದು ಬಹುಕಾಲ ಖಾಲಿ ಹೊಡೆಯಿತು.

ಪೂರೈಕೆ ಎಷ್ಟು ಸಲೀಸಾಗಿ ಬರುತ್ತದೆ ಎಂಬುದೂ ಮುಖ್ಯ. ಹೈದರಾಬಾದ್‌ನಲ್ಲಿ 2006ರಿಂದ ಎಫ್‌ಎಸ್‌ಐ (ನಿವೇಶನದ ಅಳತೆಯ ಎಷ್ಟು ಪಟ್ಟು ಕಟ್ಟಬಹುದು ಎಂಬ ಲೆಕ್ಕ) ಮಿತಿ ಇಲ್ಲ, ನಿವೇಶನದ ಮೇಲೆ ಎಷ್ಟು ಎತ್ತರ ಬೇಕಾದರೂ ಏರಿಸುತ್ತಾ ಹೋಗಬಹುದು. ಅಲ್ಲಿ ಬೇಡಿಕೆ ಬಂದ ಹಿಂದೆಯೇ ಗಾಜಿನ ಗೋಪುರಗಳೂ ಬರುತ್ತವೆ, ಬಾಡಿಗೆ ತೀರಾ ಏರುವುದಿಲ್ಲ. ಜಾಗ, ನಿಯಮ ಬಿಗಿಯಾಗಿರುವ ಕಡೆ ಅದೇ ಬೇಡಿಕೆ ಬಾಡಿಗೆಯನ್ನು ಮೇಲಕ್ಕೆ ತಳ್ಳುತ್ತದೆ.

ಕಲಬುರಗಿಯಲ್ಲಿ ಇನ್ನೊಂದು ತಮಾಷೆ ಇದೆ. ತೊಗರಿಗೆ ಒಳ್ಳೆಯ ಬೆಲೆ ಬಂದ ವರ್ಷ ಊರಿನ ಬಾಡಿಗೆ ಏರಬೇಕು ಎಂದು ಸಹಜವಾಗಿ ಅನಿಸುತ್ತದೆ. ನನ್ನ ಲೆಕ್ಕದಲ್ಲಿ ಉಲ್ಟಾ. ತೊಗರಿ ದುಡ್ಡು ಬಾಡಿಗೆದಾರರ ಕೈಗೆ ಹೋಗುವುದಿಲ್ಲ, ಜಾಗ ಇರುವವರ ಕೈಗೆ ಹೋಗುತ್ತದೆ. ಅವರು ಪ್ಲಾಟ್ ಹಿಡಿಯುತ್ತಾರೆ, ಮಳಿಗೆ ಕಟ್ಟಿಸುತ್ತಾರೆ. ಒಳ್ಳೆಯ ಫಸಲು, ಒಳ್ಳೆಯ ಬೆಲೆ ಎಂದರೆ ಮೂರು ವರ್ಷದ ನಂತರ ಇನ್ನಷ್ಟು ಶಟರುಗಳು. ಅಡತ್ ಅಂಗಡಿಗಳಿಗಂತೂ ಎಪಿಎಂಸಿ ಪ್ರಾಂಗಣದಲ್ಲೇ ಜಾಗ ಇದೆ, ಅವರು ಊರೊಳಗಿನ ಸೂಪರ್ ಮಾರ್ಕೆಟ್ ಪ್ರದೇಶದ ಕಡೆ ಕಚೇರಿ ಹುಡುಕಿಕೊಂಡು ಬರುವವರಲ್ಲ.

ನಮ್ಮೂರಿನ ಬಾಡಿಗೆದಾರರು ಯಾರು?

ಇಲ್ಲಿ ಸ್ವಲ್ಪ ನಿಲ್ಲಬೇಕು. ಐಟಿ ಕಂಪನಿ ಇಲ್ಲದ ಊರಿನಲ್ಲಿ ಕಚೇರಿ ಮಾರುಕಟ್ಟೆ ಎಂದರೆ ಸರ್ಕಾರ, ಬ್ಯಾಂಕು, ವಕೀಲರು, ಕೋಚಿಂಗ್ ಸೆಂಟರುಗಳು. ವಿಮೆ, ಆಡಿಟರು, ಲ್ಯಾಬು, ಕ್ಲಿನಿಕ್ಕುಗಳನ್ನು ಆಮೇಲೆ ಸೇರಿಸಿಕೊಳ್ಳಿ. ಒಬ್ಬೊಬ್ಬರನ್ನು ಅಲುಗಾಡಿಸುವ ಘಟನೆ ಒಂದೊಂದು.

ಸರ್ಕಾರಿ ಇಲಾಖೆ ಬಾಡಿಗೆಗೆ ಬಂದರೆ ಬಾಡಿಗೆ ಎಷ್ಟೆಂದು ಲೋಕೋಪಯೋಗಿ ಇಲಾಖೆ ದರ ನಿಗದಿ ಮಾಡಿಕೊಡಬೇಕು. ಸಾಮಾನ್ಯವಾಗಿ ಅದು ಮಾರುಕಟ್ಟೆಗಿಂತ ಕಡಿಮೆ, ಬಿಲ್ಲು ಪಾಸಾಗುವುದೂ ನಿಧಾನ. ಆದರೂ ಮಾಲೀಕರು ಒಪ್ಪುತ್ತಾರೆ, ಯಾಕೆಂದರೆ ಮಾಂದ್ಯ ಬಂದಿತೆಂದು ತಹಶೀಲ್ದಾರ್ ಕಚೇರಿ ಮುಚ್ಚುವುದಿಲ್ಲ. ಅಪಾಯ ಬೇರೆ ಕಡೆ ಇದೆ. ಗುಲ್ಬರ್ಗಾದಿಂದ ಒಡೆದು ಯಾದಗಿರಿ ಜಿಲ್ಲೆ ಆದಾಗ ಒಂದು ತಾಲ್ಲೂಕು ಊರಿಗೆ ಇದ್ದಕ್ಕಿದ್ದಂತೆ ಜಿಲ್ಲಾ ಮಟ್ಟದ ಕಚೇರಿಗಳೆಲ್ಲ ಬೇಕಾದವು. ಒಂದು ಅಧಿಸೂಚನೆಯಿಂದ ಹುಟ್ಟಿದ ಬೇಡಿಕೆ ಅದು. ಆದರೆ ಇಂಥ ಬೇಡಿಕೆಗೆ ಆಯಸ್ಸು ಇರುತ್ತದೆ. ಜಿಲ್ಲಾಡಳಿತ ಭವನವೋ ಮಿನಿ ವಿಧಾನಸೌಧವೋ ಎದ್ದ ದಿನ ಇಲಾಖೆಗಳು ಒಟ್ಟಿಗೆ ಹೊರಡುತ್ತವೆ, ಊರಿನ ಐದಾರು ಕಟ್ಟಡ ಒಂದೇ ವರ್ಷದಲ್ಲಿ ಖಾಲಿಯಾಗುತ್ತವೆ.

ವಕೀಲರದ್ದು ಇನ್ನೂ ಗಟ್ಟಿ. ಕಲಬುರಗಿ ಪೀಠಕ್ಕೆ ಬೀದರ್, ಯಾದಗಿರಿ, ರಾಯಚೂರು, ವಿಜಯಪುರ ಸೇರಿ ಐದು ಜಿಲ್ಲೆ. ಹೊರಗಿನ ವಕೀಲರಿಗೂ ಇಲ್ಲೊಂದು ಕೋಣೆ ಬೇಕು. ಅವರ ಹಿಂದೆ ಟೈಪಿಂಗ್, ಜೆರಾಕ್ಸ್, ನೋಟರಿ. ಬೇಕಾಗುವ ಜಾಗ ಸಣ್ಣದು, ಬಾಡಿಗೆಯೂ ಸಣ್ಣದು, ಆದರೆ ಕೆಟ್ಟ ಕಾಲಕ್ಕೆ ಇವರ ಕೆಲಸ ಕುಗ್ಗುವುದಿಲ್ಲ. ಚೆಕ್ ಬೌನ್ಸ್, ಸಾಲ ವಸೂಲಿ, ಪಾಲುದಾರರ ಜಗಳ ಎಲ್ಲ ಹೆಚ್ಚುವುದು ಕೈಯಲ್ಲಿ ದುಡ್ಡು ಓಡಾಡದಾಗಲೇ.

ಬ್ಯಾಂಕು ಬಂದರೆ ಮಾಲೀಕರಿಗೆ ಹಬ್ಬ. ನೆಲಮಹಡಿ, ಹದಿನೈದು ವರ್ಷದ ಕರಾರು, ತಪ್ಪದ ಬಾಡಿಗೆ. ಅದಕ್ಕೇ ಬ್ಯಾಂಕಿನವರು ಹೇಳಿದ ಅಳತೆಯಲ್ಲಿ ಕಾಂಕ್ರೀಟ್ ಗೋಡೆಯ ಸ್ಟ್ರಾಂಗ್ ರೂಮನ್ನೂ ಮಾಲೀಕರೇ ಕಟ್ಟಿಸಿಕೊಡುತ್ತಾರೆ. 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಎಸ್‌ಬಿಐನಲ್ಲಿ ಲೀನವಾಯಿತು. ನಿಜಾಮರ ಕಾಲದಿಂದ ಈ ಭಾಗದಲ್ಲಿ ಬೇರೂರಿದ್ದ ಬ್ಯಾಂಕು ಅದು. 2019ರಲ್ಲಿ ವಿಜಯಾ ಬ್ಯಾಂಕ್ ಬರೋಡಾಕ್ಕೆ, 2020ರಲ್ಲಿ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್‌ಗೆ ಸೇರಿದವು. ಒಂದೇ ರಸ್ತೆಯಲ್ಲಿ ಒಂದೇ ಬ್ಯಾಂಕಿನ ಎರಡು ಶಾಖೆ ಯಾಕೆ ಎಂಬ ಪ್ರಶ್ನೆ ಆಮೇಲೆ ಏಳಲೇಬೇಕು. ಶಾಖೆ ಹೋದ ಮೇಲೆ ಉಳಿಯುವ ಸ್ಟ್ರಾಂಗ್ ರೂಮು ಬಟ್ಟೆ ಅಂಗಡಿಯವರಿಗೂ ಬೇಡ, ಡಾಕ್ಟರಿಗೂ ಬೇಡ, ಒಡೆಯಲು ಹೋದರೆ ಕಟ್ಟಿದ್ದಕ್ಕಿಂತ ತಲೆಬಿಸಿ. 2025ರ ಮೇಯಲ್ಲಿ ರಾಜ್ಯದ ಉಳಿದೆರಡು ಗ್ರಾಮೀಣ ಬ್ಯಾಂಕುಗಳೂ ಒಂದಾದವು, ಪ್ರಧಾನ ಕಚೇರಿ ಮತ್ತೆ ಬಳ್ಳಾರಿಯಲ್ಲೇ. ಎರಡರಲ್ಲಿ ಒಂದರ ಪ್ರಧಾನ ಕಚೇರಿ ಇದ್ದದ್ದು ಧಾರವಾಡದಲ್ಲಿ, ಈ ಸಲ ಖಾಲಿಯಾಗುವ ಸರದಿ ಅದರದು.

ಇನ್ನು ಕೋಚಿಂಗ್ ಸೆಂಟರುಗಳು. ಲಿಫ್ಟ್ ಇಲ್ಲದ ಮೂರನೇ ಮಹಡಿಗೂ ಬರುವ ಬಾಡಿಗೆದಾರರು ಇವರೊಬ್ಬರೇ, ಹತ್ತುವವರು ಇಪ್ಪತ್ತರ ಹರೆಯದವರು. ಸಂವಿಧಾನದ 371(ಜೆ) ವಿಧಿಯಡಿ ಈ ಭಾಗದವರಿಗೆ ಸಿಕ್ಕ ಮೀಸಲಾತಿಯ ನಂತರ ಸರ್ಕಾರಿ ಹುದ್ದೆ ಈ ಭಾಗದ ಹುಡುಗ ಹುಡುಗಿಯರಿಗೆ ಕೈಗೆಟುಕುವ ಆಸೆಯಾಯಿತು, ಅವರನ್ನು ನಂಬಿ ಮೇಲ್ಮಹಡಿಗಳು ತುಂಬಿದವು. ಹಾಗಾಗಿ ಇಲ್ಲಿ ನೋಡಬೇಕಾದ ಸೂಚ್ಯಂಕ ಸೆನ್ಸೆಕ್ಸ್ ಅಲ್ಲ, ಕೆಪಿಎಸ್‌ಸಿ ಅಧಿಸೂಚನೆ. 2024ರ ಅಕ್ಟೋಬರ್ ಕೊನೆಗೆ, ಒಳಮೀಸಲಾತಿ ವರದಿ ಬರುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಬೇಡ ಎಂದು ರಾಜ್ಯ ಸಚಿವ ಸಂಪುಟ ತೀರ್ಮಾನಿಸಿತು. ವರದಿ ಬಂದದ್ದು 2025ರ ಆಗಸ್ಟ್‌ನಲ್ಲಿ. ಹೊಸ ಬ್ಯಾಚು ಅಧಿಸೂಚನೆ ನೋಡಿ ತುಂಬುವುದು. ಬಾಡಿಗೆಗೆ ಅಂಥ ರಜೆ ಇಲ್ಲ. ಬೆಂಗಳೂರಿನಲ್ಲಿ ಕೂತು ಆ ತೀರ್ಮಾನವನ್ನು ಸಾಮಾಜಿಕ ನ್ಯಾಯದ ಸುದ್ದಿ ಎಂದಷ್ಟೇ ಓದಿದವರಿಗೆ ಅದರ ಈ ಮುಖ ಕಾಣುವುದಿಲ್ಲ.

ಸಿಮೆಂಟ್ ಕಾರ್ಖಾನೆಗಳನ್ನು ಏಕೆ ಬಿಟ್ಟಿರಿ ಎಂದು ಕೇಳಬಹುದು. ವಾಡಿ, ಮಳಖೇಡ, ಸೇಡಂ ಎಲ್ಲ ಇಲ್ಲೇ ಇವೆ ನಿಜ. ಆದರೆ ಕಾರ್ಖಾನೆಯ ಕಚೇರಿ ಕಾರ್ಖಾನೆಯ ಕಾಂಪೌಂಡಿನಲ್ಲಿ, ಕಂಪನಿಯ ಕಚೇರಿ ಮುಂಬೈಯಂಥ ಊರಿನಲ್ಲಿ. ನಡುವೆ ಇರುವ ಕಲಬುರಗಿ ನಗರಕ್ಕೆ ಉಳಿಯುವುದು ಸಾರಿಗೆ ಏಜೆಂಟರ ಕೋಣೆಗಳಷ್ಟೇ.

ಘೋಷಣೆಗೆ ಪ್ಲಾಟ್ ಏರುತ್ತದೆ, ಬಾಡಿಗೆ ಏರುವುದಿಲ್ಲ

2019ರ ನವೆಂಬರ್‌ನಲ್ಲಿ ಕಲಬುರಗಿಯ ವಿಮಾನ ನಿಲ್ದಾಣ ಶುರುವಾಯಿತು. ಕೇಂದ್ರೀಯ ವಿಶ್ವವಿದ್ಯಾಲಯ 2009ರಲ್ಲಿ ಬಂತು. ರೈಲ್ವೆ ವಿಭಾಗೀಯ ಕಚೇರಿ 2014ರಲ್ಲಿ ಘೋಷಣೆಯಾಗಿ ಘೋಷಣೆಯಾಗಿಯೇ ಉಳಿದಿದೆ. 2023ರಲ್ಲಿ ಜವಳಿ ಪಾರ್ಕ್ ಘೋಷಣೆಯಾಯಿತು. ಇಂಥ ಪ್ರತಿ ಸುದ್ದಿಗೂ ಆ ದಿಕ್ಕಿನ ಹೊಲದ ದರ ನೆಗೆಯುತ್ತದೆ, “ಎನ್‌ಎ ಆಗ್ಯಾದ್ರಿ, ಈಗೇ ಹಿಡೀರಿ” (ಎನ್‌ಎ ಎಂದರೆ ಕೃಷಿಯೇತರ ಜಮೀನು) ಎನ್ನುವ ಏಜೆಂಟರ ಫೋನು ಬರುತ್ತದೆ.

ಪ್ಲಾಟಿನ ಬೆಲೆ ನಾಳೆಯ ನಿರೀಕ್ಷೆಯ ಮೇಲೆ ನಿಂತಿರುತ್ತದೆ, ಬಾಡಿಗೆ ಈ ತಿಂಗಳ ದುಡಿಮೆಯಿಂದ ಹೊರಡಬೇಕು. ವಿಮಾನ ಇಳಿದ ಮಾತ್ರಕ್ಕೆ ಯಾರೂ ಕಚೇರಿ ತೆರೆಯುವುದಿಲ್ಲ. ವಿಶ್ವವಿದ್ಯಾಲಯ ಇರುವುದು ಆಳಂದ ರಸ್ತೆಯ ಕಡಗಂಚಿಯಲ್ಲಿ, ಅಲ್ಲಿನ ಹುದ್ದೆಗಳಿಗೆ ಅಲ್ಲೇ ಕಟ್ಟಡಗಳಿವೆ. ನಗರಕ್ಕೆ ಸಿಕ್ಕಿದ್ದು ಮನೆ ಬಾಡಿಗೆ. ಮೂರು ಕೋಟಿ ಬೆಲೆಯ ನಿವೇಶನದಲ್ಲಿ ತಿಂಗಳಿಗೆ ಮೂವತ್ತು ಸಾವಿರದ ಬಾಡಿಗೆ ಹುಟ್ಟುತ್ತಿದ್ದರೆ, ಅಲ್ಲಿ ಕಚೇರಿ ಮಾರುಕಟ್ಟೆ ಇಲ್ಲ, ಭೂಮಿಯ ಜೂಜು ಇದೆ. ಎರಡನ್ನೂ ಒಂದೇ ಚೀಲಕ್ಕೆ ತುಂಬಿ “ರಿಯಲ್ ಎಸ್ಟೇಟ್ ಚೆನ್ನಾಗಿದೆ” ಎನ್ನುವುದು ನಮ್ಮೂರಿನ ದೊಡ್ಡ ಗೊಂದಲ.

ಬೋರ್ಡು ಮೊದಲು, ಅಡ್ವಾನ್ಸ್ ಆಮೇಲೆ

ಮಾರುಕಟ್ಟೆ ಬಿದ್ದಿದೆಯೇ ಎಂದು ತಿಳಿಯಲು ಬಾಡಿಗೆ ಕೇಳಿದರೆ ಸರಿಯಾದ ಉತ್ತರ ಸಿಗದು. ಮಾಲೀಕರು ಹೇಳುವ ದರವನ್ನು ಕೊನೆಗೆ ಇಳಿಸುತ್ತಾರೆ. ಒಮ್ಮೆ ಇಳಿಸಿದರೆ ಪಕ್ಕದ ಬಾಡಿಗೆದಾರರೂ ಅದನ್ನೇ ಕೇಳುತ್ತಾರೆ, ಮಾರುವಾಗ ಬೆಲೆಯೂ ತಗ್ಗುತ್ತದೆ. ಮೊದಲು ಟು-ಲೆಟ್ ಬೋರ್ಡಿನ ಬಣ್ಣ ಮಾಸುತ್ತದೆ. ಆಮೇಲೆ ಹತ್ತು ತಿಂಗಳ ಅಡ್ವಾನ್ಸ್ ಆರಕ್ಕೆ ಬರುತ್ತದೆ. ನಂತರ “ಮೊದಲ ಎರಡು ತಿಂಗಳು ಕೊಡಬ್ಯಾಡ್ರಿ” ಎನ್ನುತ್ತಾರೆ, ಬಣ್ಣ, ಪಾರ್ಟಿಷನ್ ಮಾಡಿಸಿಕೊಡುತ್ತಾರೆ. ಕಾಗದದ ಮೇಲಿನ ಬಾಡಿಗೆ ಆಗಲೂ ಅಷ್ಟೇ. ದೊಡ್ಡ ನಗರಗಳಲ್ಲೂ ಇದೇ ಕ್ರಮ, ಮೊತ್ತ ಮಾತ್ರ ಕೋಟಿಗಳಲ್ಲಿ.

ಕರಾರಿನ ಅವಧಿಯೂ ಸತ್ಯವನ್ನು ತಡ ಮಾಡುತ್ತದೆ. ಅಮೆರಿಕದಲ್ಲಿ ಹತ್ತು ವರ್ಷದ ಕರಾರು ಸಾಮಾನ್ಯ, ಹಾಗಾಗಿ 2020ರಲ್ಲಿ ಖಾಲಿಯಾದ ಮೇಜುಗಳ ನಷ್ಟ ಬ್ಯಾಂಕುಗಳ ಪುಸ್ತಕದಲ್ಲಿ ಕಾಣಲು ವರ್ಷಗಳು ಹಿಡಿದವು. ನ್ಯೂಯಾರ್ಕ್ ಕಮ್ಯುನಿಟಿ ಬ್ಯಾಂಕಾರ್ಪ್ ಕಟ್ಟಡಗಳ ಮೇಲಿನ ಸಾಲದಿಂದಾಗಿ ನಷ್ಟ ತೋರಿಸಿ ಷೇರುಪೇಟೆಯನ್ನು ಬೆಚ್ಚಿಸಿದ್ದು 2024ರ ಜನವರಿ ಕೊನೆಗೆ.

ತೆರಿಗೆಯದ್ದೂ ಒಂದು ಪಾತ್ರವಿದೆ. ವಾಣಿಜ್ಯ ಬಾಡಿಗೆಯ ಮೇಲೆ ಶೇ 18 ಜಿಎಸ್‌ಟಿ. 2024ರ ಅಕ್ಟೋಬರ್ 10ರಿಂದ, ಮಾಲೀಕರು ನೋಂದಣಿ ಮಾಡಿಸದಿದ್ದರೂ ನೋಂದಾಯಿತ ಬಾಡಿಗೆದಾರರೇ ಸಾಮಾನ್ಯವಾಗಿ ಅದನ್ನು ಕಟ್ಟಬೇಕು. ತಾವು ವಸೂಲಿ ಮಾಡುವ ತೆರಿಗೆಯಲ್ಲಿ ಇದನ್ನು ಕಳೆದುಕೊಳ್ಳಬಲ್ಲ ವ್ಯಾಪಾರಿಗೆ ನೋವಿಲ್ಲ. ಚಿಕಿತ್ಸೆಗೆ ಜಿಎಸ್‌ಟಿ ಇಲ್ಲದ ಕಾರಣ ಡಾಕ್ಟರಿಗೆ ಕಳೆದುಕೊಳ್ಳಲು ದಾರಿ ಇಲ್ಲ, ಮಾಲೀಕರು ಜಿಎಸ್‌ಟಿ ಹಾಕಿದರೆ ಅದು ಪೂರಾ ಮೈಮೇಲೆ. ಒಂದೇ ಬಾಡಿಗೆ ಇಬ್ಬರಿಗೆ ಎರಡು ಬೆಲೆ.

ಕಟ್ಟಡದ ಉಸಾಬರಿ ಬೇಡ, ಕಚೇರಿ ಬಾಡಿಗೆ ಮಾತ್ರ ಬೇಕು ಎನ್ನುವವರಿಗೆ 2019ರ ಏಪ್ರಿಲ್‌ನಿಂದ ರೀಟ್ ಇದೆ, ಅಂದರೆ ಹಲವರ ಹಣ ಸೇರಿಸಿ ಕಟ್ಟಡಗಳನ್ನು ಹಿಡಿದು ಬಾಡಿಗೆ ಹಂಚುವ ಟ್ರಸ್ಟ್. ಮೊದಲು ಬಂದದ್ದು ಬೆಂಗಳೂರಿನ ಎಂಬಸಿ ಆಫೀಸ್ ಪಾರ್ಕ್ಸ್. ಷೇರಿನಂತೆ ಒಂದು ಯೂನಿಟ್ ಕೂಡ ಕೊಳ್ಳಬಹುದು, ಹಂಚಬಹುದಾದ ನಗದಿನಲ್ಲಿ ಶೇ 90 ಹಂಚಲೇಬೇಕೆಂಬ ನಿಯಮವಿದೆ. ಅದನ್ನು ಕೊಂಡವರು ಅಮೆರಿಕದ ಕಂಪನಿಗಳ ನೇಮಕಾತಿ ಸುದ್ದಿ ಓದಬೇಕು. ಸೇಡಂ ರಸ್ತೆಯಲ್ಲಿ ಕಟ್ಟಿಸಿದವರು ವಿಲೀನದ, ವರ್ಗಾವಣೆಯ, ಅಧಿಸೂಚನೆಯ ಸುದ್ದಿ ಓದಬೇಕು.

ಮತ್ತೆ ಕರಾರು. ಬ್ಯಾಂಕಿಗೆ ಹದಿನೈದು ವರ್ಷಕ್ಕೆ ಕೊಟ್ಟಿದ್ದೇವೆ ಎಂದು ನೆಮ್ಮದಿಯಾಗಿರುವ ಮಾಲೀಕರು ಬಹಳ. ಇಂಥ ಕರಾರುಗಳಲ್ಲಿ ಸಾಮಾನ್ಯವಾಗಿ ಮೂರು ತಿಂಗಳ ನೋಟಿಸ್ ಕೊಟ್ಟು ಬ್ಯಾಂಕು ಯಾವಾಗ ಬೇಕಾದರೂ ಬಿಡಬಹುದು ಎಂಬ ಕಲಂ ಇರುತ್ತದೆ, ಮಾಲೀಕರಿಗೆ ಆ ಹಕ್ಕು ಇರುವುದಿಲ್ಲ. ಸಹಿ ಹಾಕುವ ಮೊದಲು ಅದನ್ನು ಹುಡುಕಿ ಓದಿ. ಕನಿಷ್ಠ ಐದು ವರ್ಷ ಬಿಡಬಾರದು, ಬಿಟ್ಟರೆ ಸ್ಟ್ರಾಂಗ್ ರೂಮು ಒಡೆದು ನೆಲ ಸರಿಮಾಡುವ ಖರ್ಚು ಅವರದು ಎಂದು ಬರೆಸಿಕೊಳ್ಳಲು ಕೇಳಿ. ಎದುರು ರಸ್ತೆಯಲ್ಲಿ ಖಾಲಿ ಬೋರ್ಡು ಕಡಿಮೆ ಇದ್ದರೆ ಒಪ್ಪುತ್ತಾರೆ.